ಒಂದು ಶಾಫ್ಟಿಗೆ ಅಳತೆ ಬರೆಯುವ ಬಗೆ: ಡ್ರಾಯಿಂಗಿನಲ್ಲಿ ಡೈಮೆನ್ಷನ್ ಮತ್ತು ಟಾಲರೆನ್ಸ್

ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮುಗಿಸಿ ಡಿಸೈನ್ ವಿಭಾಗಕ್ಕೆ ಹೊಸದಾಗಿ ಬಂದವರ ಡ್ರಾಯಿಂಗುಗಳಲ್ಲಿ ಅಳತೆ ಕಡಿಮೆ ಬೀಳುವುದು ಅಪರೂಪ, ಹೆಚ್ಚಾಗಿರುವುದೇ ರೂಢಿ. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಮಾಡೆಲಿನ ಅಳತೆಗಳೆಲ್ಲ ಹಾಳೆಯ ಮೇಲೆ ಬಂದು ಕೂರುತ್ತವೆ, ಅವುಗಳಲ್ಲಿ ನಾಲ್ಕೈದರ ಪಕ್ಕ ಭಯದಿಂದ ±0.01 ಎಂದು ಬರೆದುಬಿಟ್ಟರೆ ಕೆಲಸ ಮುಗಿಯಿತೆಂದು ಅನ್ನಿಸುತ್ತದೆ. ಆದರೆ ಲೇತಿನ ಮುಂದೆ ನಿಂತವನಿಗೆ ಆ ±0.01 ಎಂದರೆ ಗ್ರೈಂಡಿಂಗ್ ಮೆಷಿನ್ನಿಗೆ ಇನ್ನೊಂದು ಸುತ್ತು, ಇನ್ನೊಂದು ಸೆಟ್ಟಿಂಗ್, ಇನ್ನಷ್ಟು ರಿಜೆಕ್ಟ್. ಬರೆಯುವ ಪ್ರತಿ ಅಳತೆಗೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇದು ತಪ್ಪಿದರೆ ಯಂತ್ರದಲ್ಲಿ ಏನು ಕೆಡುತ್ತದೆ, ಮತ್ತು ಇದನ್ನು ಯಾವ ಉಪಕರಣದಿಂದ ಅಳೆಯುತ್ತಾರೆ. ಎರಡಕ್ಕೂ ಉತ್ತರ ಇಲ್ಲದ ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಮಿತಿ, ಡ್ರಾಯಿಂಗಿನಲ್ಲಿ ಇರಬಾರದು.

ಮಾತು ಗಾಳಿಯಲ್ಲಿ ಉಳಿಯದಿರಲೆಂದು ಒಂದೇ ಬಿಡಿಭಾಗವನ್ನು ಹಿಡಿದು ಕೊನೆಯವರೆಗೂ ಹೋಗೋಣ. ಪ್ಯಾಕಿಂಗ್ ಯಂತ್ರದಲ್ಲಿ ಕಾಗದವನ್ನು ಎಳೆಯುವ ಸಣ್ಣ ರೋಲರ್ ಶಾಫ್ಟ್ ಅದು. ನಡುವೆ 32 ಮಿ.ಮೀ. ವ್ಯಾಸದ, 80 ಮಿ.ಮೀ. ಉದ್ದದ ರೋಲರ್ ಭಾಗವಿದೆ. ಅದರ ಎರಡೂ ಬದಿಗೆ 25 ಮಿ.ಮೀ. ವ್ಯಾಸದ ಬೇರಿಂಗ್ ಸೀಟುಗಳಿದ್ದು ಒಂದೊಂದೂ 16 ಮಿ.ಮೀ. ಉದ್ದವಾಗಿವೆ. ಬಲತುದಿಯಲ್ಲಿ ಪುಲ್ಲಿ ಕೂರುವ 20 ಮಿ.ಮೀ. ವ್ಯಾಸದ 40 ಮಿ.ಮೀ. ಭಾಗವಿದೆ. ಬೇರಿಂಗ್ 6205, ಅಂದರೆ ಒಳವ್ಯಾಸ 25, ಹೊರವ್ಯಾಸ 52, ಅಗಲ 15. ಈ ಬೇರಿಂಗುಗಳು ಎರಡು ಪಕ್ಕದ ಪ್ಲೇಟುಗಳಲ್ಲಿ ಕೂರುತ್ತವೆ. ಎಡಗಡೆಯದನ್ನು ಪ್ಲೇಟಿನ ಮೆಟ್ಟಿಲು ಮತ್ತು ಕವರ್ ಸೇರಿ ಅಲುಗದಂತೆ ಹಿಡಿದಿವೆ. ಬಲಗಡೆಯದು ಶಾಫ್ಟಿನ ಜೊತೆಗೆ ತನ್ನ ಗೂಡಿನಲ್ಲಿ ಹಿಂದೆ ಮುಂದೆ ಸರಿಯಬಲ್ಲದು.

ಮೊದಲ ಹೆಜ್ಜೆ: ಕೆಲಸ ಬರೆಯಿರಿ, ಅಳತೆ ಆಮೇಲೆ

ಮೌಸ್ ಮುಟ್ಟುವ ಮೊದಲು ಒಂದು ಹಾಳೆಯ ಮೇಲೆ ಶಾಫ್ಟಿನ ಕೈಚಿತ್ರ ಬಿಡಿಸಿ, ಪ್ರತಿ ಮೇಲ್ಮೈಯ ಪಕ್ಕದಲ್ಲಿ ಅದು ಮಾಡುವ ಕೆಲಸವನ್ನು ಬರೆಯಿರಿ. ನಮ್ಮ ಶಾಫ್ಟಿನಲ್ಲಿ ಎರಡು ಬೇರಿಂಗ್ ಸೀಟುಗಳು, ಅವುಗಳ ಬೇರಿಂಗ್ ಒರಗುವ ಮೆಟ್ಟಿಲುಗಳು, ರೋಲರಿನ ಮೈ, ಪುಲ್ಲಿಯ ಸೀಟು ಮತ್ತು ಅದರ ಕೀವೇ (ಪುಲ್ಲಿಯನ್ನು ಶಾಫ್ಟಿನ ಜೊತೆ ತಿರುಗಿಸುವ ಕೀ ಎಂಬ ತುಂಡು ಕೂರುವ ತೋಡು) ಇಷ್ಟಕ್ಕೇ ಕೆಲಸವಿದೆ. ಎರಡು ತುದಿಯ ಮುಖಗಳಿಗೆ ಯಾವ ಕೆಲಸವೂ ಇಲ್ಲ, ಅವು ಗಾಳಿಯಲ್ಲಿ ಇರುತ್ತವೆ. ಕೆಲಸವಿಲ್ಲದ ಮೇಲ್ಮೈಗೆ ಬಿಗಿ ಟಾಲರೆನ್ಸ್ ಕೊಡುವುದು ದುಡ್ಡನ್ನು ಕತ್ತರಿಸಿದ ಲೋಹದ ಚಿಪ್ಪಿನ ಜೊತೆ ಕಸದ ಬುಟ್ಟಿಗೆ ಹಾಕಿದಂತೆ.

ಎರಡನೆಯ ಹೆಜ್ಜೆ: ಟೈಟಲ್ ಬ್ಲಾಕ್

ಹಾಳೆಯ ಮೂಲೆಯಲ್ಲಿ ಡ್ರಾಯಿಂಗಿನ ವಿವರ ಬರೆಯುವ ಈ ಚೌಕಟ್ಟನ್ನು ಬೇಗ ಮುಗಿಸಬಹುದು, ಆದರೆ ಬಿಡುವಂತಿಲ್ಲ. ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ ಎಂದು ಒಮ್ಮೆ ಬರೆದರೆ ಸಾಕು, ಪ್ರತಿ ಅಂಕೆಯ ಪಕ್ಕದಲ್ಲಿ ಬರೆಯಬೇಕಿಲ್ಲ. ಪ್ರೊಜೆಕ್ಷನ್ನಿನ, ಅಂದರೆ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಕ್ರಮದ, ಚಿಹ್ನೆ ಕಡ್ಡಾಯವಾಗಿ ಇರಲಿ, ಏಕೆಂದರೆ ನಮ್ಮಲ್ಲಿ ಫಸ್ಟ್ ಆ್ಯಂಗಲ್ ನಡೆಯುತ್ತದೆ, ಅಮೆರಿಕದಿಂದ ಬರುವ ಡ್ರಾಯಿಂಗು ಥರ್ಡ್ ಆ್ಯಂಗಲ್‌ನಲ್ಲಿರುತ್ತದೆ, ಎರಡೂ ಒಂದೇ ಟೇಬಲ್ಲಿನ ಮೇಲೆ ಇರುವ ಕಾರ್ಖಾನೆಯಲ್ಲಿ ಕೀವೇ ಎದುರು ಬದಿಗೆ ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಕಾಲೇಜಿನಲ್ಲಿ ಓದಿದ ಎಸ್‌ಪಿ 46 ಮತ್ತು ಭಾರತೀಯ ಮಾನಕ ಬ್ಯೂರೋದ ಐಎಸ್ 11669 ಅಳತೆ ಬರೆಯುವ ಸಾಮಾನ್ಯ ನಿಯಮಗಳನ್ನು ಹೇಳುತ್ತವೆ: ಡೈಮೆನ್ಷನ್ ಗೆರೆ ತೆಳುವಾಗಿರಬೇಕು, ಅಂಕೆಗಳನ್ನು ಹಾಳೆಯ ಕೆಳಬದಿಯಿಂದ ಅಥವಾ ಬಲಬದಿಯಿಂದ ಓದುವಂತಿರಬೇಕು, ಮರೆಯಾದ ಗೆರೆಗೆ ಅಳತೆ ಕೊಡಬಾರದು, ಒಂದು ಅಳತೆಯನ್ನು ಒಂದೇ ಸಲ ಬರೆಯಬೇಕು. ಈ ಕೊನೆಯ ನಿಯಮವನ್ನು ಮುರಿದಾಗಲೇ ಅತಿ ಹೆಚ್ಚು ತೊಂದರೆ ಆಗುವುದನ್ನು ನಾನು ಕಂಡಿದ್ದೇನೆ.

ಟೈಟಲ್ ಬ್ಲಾಕಿನಲ್ಲಿ ಇರಲೇಬೇಕಾದ ಇನ್ನೊಂದು ಸಾಲು ಜನರಲ್ ಟಾಲರೆನ್ಸ್. ಐಎಸ್ 2102ರ ಮಧ್ಯಮ ದರ್ಜೆ ಎಂದು ಬರೆದರೆ, ಪಕ್ಕದಲ್ಲಿ ಟಾಲರೆನ್ಸ್ ಬರೆಯದ ಉದ್ದದ ಅಳತೆಗಳಿಗೆಲ್ಲ ಒಂದು ಮಿತಿ ತಾನಾಗಿಯೇ ಬರುತ್ತದೆ: 6ರಿಂದ 30 ಮಿ.ಮೀ.ವರೆಗೆ ±0.2, 30ರಿಂದ 120ರವರೆಗೆ ±0.3, 120ರಿಂದ 400ರವರೆಗೆ ±0.5. ಇವೇ ಅಂಕೆಗಳು ಐಎಸ್‌ಒ 2768ರ ಮೊದಲ ಭಾಗದಲ್ಲೂ ಇವೆ. ಡ್ರಾಯಿಂಗಿನ ಬಹುಪಾಲು ಅಳತೆಗಳು ಈ ಸಾಲಿನ ನೆರಳಿನಲ್ಲೇ ಬದುಕಬೇಕು.

ಮೂರನೆಯ ಹೆಜ್ಜೆ: ಉದ್ದಗಳು ಎಲ್ಲಿಂದ ಹೊರಡಬೇಕು

ಶಾಫ್ಟ್ ಎಂದೊಡನೆ ಎಡತುದಿಯಿಂದ ಬಲತುದಿಗೆ 16, 80, 16, 40 ಎಂದು ಸರಪಳಿಯಂತೆ ಬರೆದು, ಕೆಳಗೆ ಒಟ್ಟು ಉದ್ದ 152 ಎಂದು ಸೇರಿಸುವುದು ಎಲ್ಲರೂ ಮೊದಲು ಮಾಡುವ ತಪ್ಪು. ಲೆಕ್ಕ ಹಾಕಿ ನೋಡಿ. ಮಧ್ಯಮ ದರ್ಜೆಯಲ್ಲಿ ಈ ನಾಲ್ಕರ ಮಿತಿಗಳು ಕ್ರಮವಾಗಿ ±0.2, ±0.3, ±0.2, ±0.3. ನಾಲ್ಕೂ ಒಂದೇ ಕಡೆಗೆ ವಾಲಿದರೆ ಒಟ್ಟು ಉದ್ದ 153ರವರೆಗೆ ಹೋಗಬಹುದು ಅಥವಾ 151ಕ್ಕೆ ಇಳಿಯಬಹುದು, ಅಂದರೆ ±1.0. ಆದರೆ 152 ಎಂಬ ಒಟ್ಟು ಅಳತೆಗೆ ಅದೇ ದರ್ಜೆ ಕೊಡುವುದು ±0.5 ಮಾತ್ರ. ಒಂದೇ ಹಾಳೆಯ ಮೇಲೆ ಎರಡು ಮಾತು ಬಂದಂತಾಯಿತು. ಪ್ರತಿ ತುಂಡು ಸರಿಯಿದ್ದೂ ಒಟ್ಟಿನಲ್ಲಿ ಜಾಬ್ ರಿಜೆಕ್ಟ್ ಆದಾಗ ಇನ್‌ಸ್ಪೆಕ್ಟರ್ ಮತ್ತು ಆಪರೇಟರ್ ಇಬ್ಬರ ಬಳಿಯೂ ನ್ಯಾಯ ಇರುತ್ತದೆ, ತಪ್ಪು ಮಾಡಿದವನು ಮಾತ್ರ ಎ.ಸಿ. ಕೋಣೆಯಲ್ಲಿ ಕುಳಿತಿರುತ್ತಾನೆ.

ಸರಿಯಾದ ದಾರಿ ಶಾಫ್ಟಿನ ಕೆಲಸದಲ್ಲೇ ಇದೆ. ಎಡಗಡೆಯ ಬೇರಿಂಗ್ ಅಲುಗುವುದಿಲ್ಲ, ಅದು ಒರಗಿರುವುದು ರೋಲರಿನ ಎಡ ಮೆಟ್ಟಿಲಿಗೆ. ಯಂತ್ರದೊಳಗೆ ಈ ಶಾಫ್ಟಿನ ಉದ್ದುದ್ದ ಜಾಗವನ್ನು ನಿರ್ಧರಿಸುವುದು ಆ ಮೆಟ್ಟಿಲೇ, ಆದ್ದರಿಂದ ಉದ್ದದ ಅಳತೆಗಳೆಲ್ಲ ಅಲ್ಲಿಂದ ಹೊರಡಲಿ: ಎಡತುದಿಗೆ 16, ಬಲ ಮೆಟ್ಟಿಲಿಗೆ 80, ಪುಲ್ಲಿ ಒರಗುವ ಮೆಟ್ಟಿಲಿಗೆ 96, ಬಲತುದಿಗೆ 136. ಒಟ್ಟು 152 ಎಂಬುದನ್ನು ಕಚ್ಚಾ ಸರಳು ಕತ್ತರಿಸುವವನ ಅನುಕೂಲಕ್ಕೆ ಬರೆಯಲೇಬೇಕೆಂದಿದ್ದರೆ ಆವರಣದೊಳಗೆ ಬರೆಯಿರಿ. ಆವರಣದೊಳಗಿನ ಅಳತೆ ಮಾಹಿತಿಗೆ ಮಾತ್ರ, ತಪಾಸಣೆಗೆ ಅಲ್ಲ. ಹೀಗೆ ಬರೆದರೆ ಪುಲ್ಲಿಯ ಮೆಟ್ಟಿಲು ±0.3ರೊಳಗೆ ಉಳಿಯುತ್ತದೆ, ಸರಪಳಿಯಲ್ಲಿ ಬರೆದಿದ್ದರೆ 80 ಮತ್ತು 16ರ ಮಿತಿಗಳು ಸೇರಿ ±0.5 ಆಗುತ್ತಿತ್ತು. ಮೋಟಾರಿನ ಪುಲ್ಲಿಯೊಂದಿಗೆ ಸಾಲು ಕೂಡಬೇಕಾದ ಅಳತೆ ಅದು, ಟಾಲರೆನ್ಸನ್ನು ಬಿಗಿ ಮಾಡದೆಯೇ ಬರೆಯುವ ಕ್ರಮದಿಂದಲೇ ಅಷ್ಟು ಸಿಕ್ಕಿತು.

ಎರಡು ಮೆಟ್ಟಿಲುಗಳ ನಡುವಿನ 80ಕ್ಕೆ ಎಷ್ಟು ಬೇಕು? ಬೇರಿಂಗುಗಳು ಇಲ್ಲಿವೆ ಎಂಬ ಕಾರಣಕ್ಕೆ ಹೊಸಬರು ±0.02 ಬರೆಯುತ್ತಾರೆ. ಆದರೆ ಬಲ ಬೇರಿಂಗ್ ಗೂಡಿನಲ್ಲಿ ಸರಿಯಲು ಬಿಟ್ಟಿರುವುದರಿಂದ, ಅದರ ಪಕ್ಕದಲ್ಲಿ ಒಂದು ಮಿ.ಮೀ. ಜಾಗ ಉಳಿಸಿದ್ದರೆ ಜನರಲ್ ಟಾಲರೆನ್ಸಿನ ±0.3 ಧಾರಾಳವಾಗಿ ಸಾಕು. ಎರಡೂ ಬೇರಿಂಗುಗಳನ್ನು ಎರಡೂ ಕಡೆ ಬಂಧಿಸಿಟ್ಟಿದ್ದರೆ ಮಾತ್ರ ಆ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಲೆಕ್ಕ ಬರುತ್ತಿತ್ತು, ಆಗಲೂ ಶಾಫ್ಟ್ ಬಿಸಿಯಾಗಿ ಹಿಗ್ಗಿದ ದಿನ ಅದು ಕೈಕೊಡುತ್ತಿತ್ತು.

ನಾಲ್ಕನೆಯ ಹೆಜ್ಜೆ: ಫಿಟ್

ಫಿಟ್ ಎಂದರೆ ಒಂದರೊಳಗೊಂದು ಕೂರುವ ಎರಡು ಭಾಗಗಳ ನಡುವಿನ ಬಿಗಿ ಅಥವಾ ಸಡಿಲ. ಇಲ್ಲಿ ನಿಧಾನವಾಗಿ ಹೋಗಬೇಕು. ಬೆಲ್ಟ್ ಎಳೆಯುವ ದಿಕ್ಕು ಬದಲಾಗುವುದಿಲ್ಲ, ಶಾಫ್ಟ್ ತಿರುಗುತ್ತದೆ. ಆದ್ದರಿಂದ ಬೇರಿಂಗಿನ ಒಳ ರಿಂಗಿನ ಸುತ್ತ ಭಾರ ಸುತ್ತುತ್ತಲೇ ಇರುತ್ತದೆ, ಹೊರ ರಿಂಗಿನಲ್ಲಿ ಅದು ಒಂದೇ ಜಾಗದ ಮೇಲೆ ಬೀಳುತ್ತದೆ. ಒಳ ರಿಂಗ್ ಸಡಿಲವಾಗಿದ್ದರೆ ಅದು ಶಾಫ್ಟಿನ ಮೇಲೆ ಇಷ್ಟಿಷ್ಟೇ ತೆವಳುತ್ತ ಸೀಟನ್ನು ಸವೆಸುತ್ತದೆ, ಬಿಚ್ಚಿ ನೋಡಿದಾಗ ಸೀಟಿನ ಮೇಲೆ ಕಂದು ಬಣ್ಣದ ಪುಡಿ ಕಾಣುತ್ತದೆ. ಹಾಗಾಗಿ ಒಳಗೆ ಬಿಗಿ, ಹೊರಗೆ ಸಡಿಲ.

ಬಿಗಿ ಎಷ್ಟು ಎಂಬುದಕ್ಕೆ ಐಎಸ್ 919ರ ಪಟ್ಟಿ ಇದೆ. ರಂಧ್ರಗಳಿಗೆ ದೊಡ್ಡಕ್ಷರ, ಶಾಫ್ಟುಗಳಿಗೆ ಸಣ್ಣಕ್ಷರ, ಪಕ್ಕದ ಅಂಕೆ ದರ್ಜೆ. ಅಕ್ಷರ ಮಿತಿಯ ಜಾಗವನ್ನು ಹೇಳುತ್ತದೆ, ಅಂಕೆ ಅದರ ಅಗಲವನ್ನು ಹೇಳುತ್ತದೆ. ನಮ್ಮ 25 ಮಿ.ಮೀ. ಸೀಟಿಗೆ ಸಣ್ಣಕ್ಷರದ ಕೆ6 ಹಾಕಿದರೆ ಮಿತಿ +0.015 ಮತ್ತು +0.002, ಅಂದರೆ ಶಾಫ್ಟ್ 25.002ರಿಂದ 25.015ರೊಳಗೆ ಇರಬೇಕು. ಸಾಮಾನ್ಯ ದರ್ಜೆಯ 6205 ಬೇರಿಂಗಿನ ಒಳವ್ಯಾಸ 25.000ಕ್ಕಿಂತ ದೊಡ್ಡದಾಗುವುದೇ ಇಲ್ಲ, 24.990ರವರೆಗೆ ಚಿಕ್ಕದಾಗಬಹುದು. ಎರಡನ್ನೂ ಕೂಡಿಸಿ ನೋಡಿದರೆ ಕನಿಷ್ಠ 2 ಮೈಕ್ರಾನ್, ಗರಿಷ್ಠ 25 ಮೈಕ್ರಾನ್ ಬಿಗಿ ಯಾವಾಗಲೂ ಇರುತ್ತದೆ.

ಈಗ ಪುಲ್ಲಿಯ 20 ಮಿ.ಮೀ. ಸೀಟಿಗೂ ಅದೇ ಕೆ6 ಹಾಕೋಣ. 18ರಿಂದ 30 ಮಿ.ಮೀ.ವರೆಗೆ ಒಂದೇ ಗುಂಪಾದ್ದರಿಂದ ಇಲ್ಲೂ ಮಿತಿ +0.015, +0.002. ಪುಲ್ಲಿಯ ರಂಧ್ರ ದೊಡ್ಡಕ್ಷರದ ಎಚ್7, ಅಂದರೆ 20.000ರಿಂದ 20.021. ಈಗ ಫಲಿತಾಂಶ ಬೇರೆ: 15 ಮೈಕ್ರಾನ್ ಬಿಗಿಯಾಗಲೂಬಹುದು, 19 ಮೈಕ್ರಾನ್ ಸಡಿಲವಾಗಲೂಬಹುದು. ಶಾಫ್ಟಿನ ಮೇಲೆ ಬರೆದ ಅಕ್ಷರ ಒಂದೇ ಆದರೂ ಎದುರಿಗೆ ಬಂದ ರಂಧ್ರ ಬೇರೆ, ಆದ್ದರಿಂದ ಫಿಟ್ ಬೇರೆ. ಪುಲ್ಲಿಯನ್ನು ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಿ, ತಿರುಗಿಸುವ ಹೊರೆಯನ್ನು ಕೀಗೆ ಬಿಡುವುದಾದರೆ ಇದು ಒಳ್ಳೆಯ ಆಯ್ಕೆ. ಒಂಟಿಯಾಗಿ ಶಾಫ್ಟಿನ ಅಕ್ಷರವನ್ನು ಬಾಯಿಪಾಠ ಮಾಡಿಕೊಂಡವರು ಎಡವುವುದು ಇಲ್ಲೇ.

ಬಿಗಿ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಬೇಡ. ಸಾಮಾನ್ಯ ಕ್ಲಿಯರೆನ್ಸಿನ 6205ರಲ್ಲಿ ಗುಂಡುಗಳು ಮತ್ತು ರಿಂಗುಗಳ ನಡುವೆ ಇರುವ ಸಡಿಲ 5ರಿಂದ 20 ಮೈಕ್ರಾನ್ ಮಾತ್ರ. ಒಳ ರಿಂಗನ್ನು ಶಾಫ್ಟಿಗೆ ಒತ್ತಿದಾಗ ಅದು ಹಿಗ್ಗುತ್ತದೆ, ಬಿಗಿಯ ದೊಡ್ಡ ಪಾಲು ಈ ಸಡಿಲನ್ನೇ ನುಂಗುತ್ತದೆ. ಸೀಟು 25.030 ಆದರೆ ಬಿಗಿ 40 ಮೈಕ್ರಾನಿನವರೆಗೆ ಹೋಗಿ ಬೇರಿಂಗಿನಲ್ಲಿ ಸಡಿಲೇ ಉಳಿಯದೆ, ಯಂತ್ರ ಓಡಿದೊಡನೆ ಅದು ಬಿಸಿಯಾಗುತ್ತದೆ. ಪ್ಲೇಟಿನ ಗೂಡಿಗೆ 52 ಎಚ್7 ಸಾಕು: ರಂಧ್ರ 52.000ರಿಂದ 52.030, ಬೇರಿಂಗಿನ ಹೊರವ್ಯಾಸ 51.987ರಿಂದ 52.000, ಆದ್ದರಿಂದ ಸಡಿಲ 0ರಿಂದ 43 ಮೈಕ್ರಾನ್, ಬಲ ಬೇರಿಂಗ್ ಸರಿಯಲು ಅದೇ ಬೇಕು.

ಡ್ರಾಯಿಂಗಿನಲ್ಲಿ ಅಕ್ಷರವನ್ನೂ ಅದರ ಅಂಕೆಗಳನ್ನೂ ಒಟ್ಟಿಗೆ ಬರೆಯಿರಿ. ಅಕ್ಷರದಿಂದ ಗೇಜ್ ಆರಿಸುವುದು ಸುಲಭ, ಅಂಕೆಯಿಂದ ಮೈಕ್ರೋಮೀಟರ್ ಓದುವುದು ಸುಲಭ, ಎರಡನೇ ಶಿಫ್ಟಿನಲ್ಲಿ ಪಟ್ಟಿ ಹುಡುಕಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಐದನೆಯ ಹೆಜ್ಜೆ: ಮೂಲೆ ಮತ್ತು ಕೀವೇ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದ ಒಂದು ಶಾಫ್ಟ್ ಡ್ರಾಯಿಂಗ್ ಇಂದಿಗೂ ನೆನಪಿದೆ. ಮೂಲೆಯಲ್ಲಿ ಶಾಫ್ಟ್ ಮುರಿಯಬಾರದೆಂದು ಸೀಟು ಮತ್ತು ಮೆಟ್ಟಿಲು ಕೂಡುವಲ್ಲಿ 1.5 ಮಿ.ಮೀ. ತ್ರಿಜ್ಯ ಕೊಟ್ಟಿದ್ದೆ. ವ್ಯಾಸಗಳೆಲ್ಲ ಮಿತಿಯೊಳಗೆ ಬಂದವು, ಬೇರಿಂಗ್ ಒತ್ತಿದೆವು, ಅದು ಗಟ್ಟಿಯಾಗಿ ಕೂತಿತು. ಆದರೆ ಹಿರಿಯ ಫಿಟ್ಟರ್ ಒಬ್ಬರು 0.05ರ ಫೀಲರ್ ಗೇಜನ್ನು ಬೇರಿಂಗ್ ಮತ್ತು ಮೆಟ್ಟಿಲಿನ ನಡುವೆ ತೂರಿಸಿದರೆ ಅದು ಸರಾಗವಾಗಿ ಒಳಗೆ ಹೋಗಿ ಸುತ್ತಲೂ ಓಡಾಡಿತು. 6205ರ ಮೂಲೆಯ ತ್ರಿಜ್ಯ ಕನಿಷ್ಠ 1 ಮಿ.ಮೀ., ಅದಕ್ಕಿಂತ ದೊಡ್ಡದಾದ ನನ್ನ ತ್ರಿಜ್ಯದ ಮೇಲೆ ಬೇರಿಂಗ್ ಹತ್ತಿ ಕುಳಿತಿತ್ತು, ಮೆಟ್ಟಿಲನ್ನು ಮುಟ್ಟಿರಲೇ ಇಲ್ಲ. ಅಂದಿನಿಂದ ನಾನು ಈ ಜಾಗದಲ್ಲಿ ಗರಿಷ್ಠ 0.6 ಎಂದು ಬರೆಯುತ್ತೇನೆ. ಗ್ರೈಂಡಿಂಗ್ ಚಕ್ರದ ಮೂಲೆ ಬೇಗ ಸವೆಯುತ್ತದೆಂದು ಆಪರೇಟರ್ ಹೇಳಿದರೆ ಅಂಡರ್‌ಕಟ್ (ಮೂಲೆಯಲ್ಲಿ ಒಳಕ್ಕೆ ಕೊರೆದ ಸಣ್ಣ ತೋಡು) ಕೊಟ್ಟು ಅದರ ವಿವರವನ್ನು ದೊಡ್ಡದಾಗಿ ಬಿಡಿಸಿ ತೋರಿಸುತ್ತೇನೆ. ತ್ರಿಜ್ಯಕ್ಕೆ ಗರಿಷ್ಠ ಎಂಬ ಪದವಿಲ್ಲದಿದ್ದರೆ ಆ ಅಳತೆಗೆ ಅರ್ಥವಿಲ್ಲ.

ಕೀವೇಯ ವಿಷಯದಲ್ಲಿ ಎರಡನೆಯ ಪ್ರಶ್ನೆ, ಅಂದರೆ ಹೇಗೆ ಅಳೆಯುತ್ತಾರೆ ಎಂಬುದು ಮುಖ್ಯ. 20 ಮಿ.ಮೀ. ಶಾಫ್ಟಿಗೆ 6 ಮಿ.ಮೀ. ಅಗಲದ ಕೀ, ಶಾಫ್ಟಿನಲ್ಲಿ ಅದರ ಆಳ 3.5. ಈ 3.5 ಅನ್ನು ಹಾಗೆಯೇ ಬರೆದರೆ ಇನ್‌ಸ್ಪೆಕ್ಟರ್ ಎಲ್ಲಿಂದ ಅಳೆಯಬೇಕು? ಶಾಫ್ಟಿನ ಮೇಲಿನ ಬಿಂದು ಕೀವೇ ಕತ್ತರಿಸಿದಾಗ ಚಿಪ್ಪಾಗಿ ಹೋಗಿದೆ. ಆದ್ದರಿಂದ ಕೀವೇಯ ತಳದಿಂದ ಎದುರಿನ ಬದಿಯವರೆಗೆ 16.5 ಎಂದು ಬರೆದು, ಮಿತಿ 0 ಮತ್ತು -0.1 ಕೊಡಿ. ಅಗಲಕ್ಕೆ ಎನ್9, ಅಂದರೆ 0 ಮತ್ತು -0.030.

ಆರನೆಯ ಹೆಜ್ಜೆ: ಅಳತೆ ಹೇಳದಿರುವುದನ್ನು ಹೇಳುವುದು

ಎರಡು ಸೀಟುಗಳೂ 25.010 ಇದ್ದು, ಒಂದರ ಅಕ್ಷ ಇನ್ನೊಂದರಿಂದ ಹತ್ತನೇ ಒಂದು ಮಿಲಿಮೀಟರ್ ಆಚೆ ಇದ್ದರೆ ವ್ಯಾಸದ ಅಳತೆ ಅದನ್ನು ಹಿಡಿಯುವುದಿಲ್ಲ. ಇದಕ್ಕೆ ಜಿಯೊಮೆಟ್ರಿಕ್ ಟಾಲರೆನ್ಸ್, ಅಂದರೆ ಆಕಾರ ಮತ್ತು ಸ್ಥಾನದ ಮಿತಿ ಬೇಕು. ಎಡ ಸೀಟಿಗೆ ಎ, ಬಲ ಸೀಟಿಗೆ ಬಿ ಎಂದು ಡೇಟಮ್ (ಅಳೆಯಲು ಆಧಾರ) ಗುರುತು ಹಾಕಿ, ಅವೆರಡರ ಸಾಮಾನ್ಯ ಅಕ್ಷವಾದ ಎ–ಬಿಯನ್ನೇ ಆಧಾರ ಮಾಡಿಕೊಳ್ಳಿ, ಏಕೆಂದರೆ ಯಂತ್ರದೊಳಗೆ ಶಾಫ್ಟ್ ತಿರುಗುವುದು ಆ ಅಕ್ಷದ ಮೇಲೆಯೇ. ಎ–ಬಿಯನ್ನು ಅವಲಂಬಿಸಿ ರೋಲರಿನ ಮೈಗೆ ರನ್‌ಔಟ್ (ಒಂದು ಸುತ್ತು ತಿರುಗಿಸಿದಾಗ ಮೇಲ್ಮೈ ಓಲಾಡುವ ಪ್ರಮಾಣ) 0.03 ಮತ್ತು ಪುಲ್ಲಿಯ ಸೀಟಿಗೆ 0.02 ಸಾಕು. ಮೆಟ್ಟಿಲುಗಳಿಗೆ ಐದನೇ ದರ್ಜೆಯ ಅಗಲದಷ್ಟು, ಅಂದರೆ 0.009 ಕೊಡಬಹುದು. ಕಾರ್ಖಾನೆಯಲ್ಲಿ ಎರಡು ವಿ-ಬ್ಲಾಕುಗಳ ಮೇಲೆ ಸೀಟುಗಳನ್ನಿಟ್ಟು, ಡಯಲ್ ಹಚ್ಚಿ, ಕೈಯಿಂದ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಅಳೆಯುವುದು ಇಷ್ಟು ಸುಲಭವಾದ್ದರಿಂದಲೇ ಏಕಾಕ್ಷತೆಯ ಚಿಹ್ನೆಗಿಂತ ರನ್‌ಔಟ್ ಚಿಹ್ನೆಯನ್ನು ನಾನು ಇಷ್ಟಪಡುತ್ತೇನೆ. ಸೀಟಿನ ಮೇಲ್ಮೈಗೆ ಆರ್‌ಎ (ಮೈಕ್ರಾನಿನಲ್ಲಿ ಸರಾಸರಿ ಉಬ್ಬುತಗ್ಗು) 0.8 ಬರೆಯಿರಿ, ಉಬ್ಬುತಗ್ಗು ಹೆಚ್ಚಾದರೆ ಬೇರಿಂಗ್ ಒತ್ತುವಾಗ ಉಬ್ಬುಗಳು ಚಪ್ಪಟೆಯಾಗಿ ಲೆಕ್ಕ ಹಾಕಿದ ಬಿಗಿ ಉಳಿಯುವುದಿಲ್ಲ.

ಯೂರೋಪಿಗೂ ಅಮೆರಿಕಕ್ಕೂ ಬಿಡಿಭಾಗ ಮಾಡಿ ಕಳಿಸುವ ಬೆಂಗಳೂರು, ಬೆಳಗಾವಿಯ ಕಾರ್ಖಾನೆಗಳವರು ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಎಎಸ್‌ಎಂಇ ವೈ14.5 ಹೆಸರಿರುವ ಅಮೆರಿಕದ ಡ್ರಾಯಿಂಗಿನಲ್ಲಿ ಅಳತೆಯ ಮಿತಿಯೇ ಆಕಾರವನ್ನೂ ಕಟ್ಟಿಹಾಕುತ್ತದೆ, ಗರಿಷ್ಠ ಅಳತೆಗೆ ಮಾಡಿದ ಪಿನ್ನು ಬಾಗಿರುವಂತಿಲ್ಲ. ಐಎಸ್‌ಒ 8015ರ ಪ್ರಕಾರ ಬರೆದ ಡ್ರಾಯಿಂಗಿನಲ್ಲಿ ಅಳತೆ ಬೇರೆ, ಆಕಾರ ಬೇರೆ. ಅಲ್ಲಿ ಪಿನ್ನಿನ ಪ್ರತಿ ಅಡ್ಡಕೊಯ್ತದ ವ್ಯಾಸ ಸರಿಯಿದ್ದು ಇಡೀ ಪಿನ್ನು ಬಾಳೆಹಣ್ಣಿನಂತೆ ಬಾಗಿದ್ದರೂ ಅಳತೆಯ ದೃಷ್ಟಿಯಿಂದ ಅದು ಪಾಸ್. ಹಾಗಾಗಬಾರದೆಂದರೆ ಅಳತೆಯ ಪಕ್ಕದಲ್ಲಿ ವೃತ್ತದೊಳಗಿನ ಇ ಚಿಹ್ನೆ ಹಾಕಬೇಕು. ನಮ್ಮ ಸೀಟುಗಳಿಗೆ ಸಿಲಿಂಡ್ರಿಸಿಟಿ (ಇಡೀ ಮೈ ನೇರವಾದ ಗುಂಡು ಕೊಳವೆಯಂತಿರಬೇಕೆಂಬ ಮಿತಿ) 0.004 ಕೊಟ್ಟರೆ ಅದೇ ಕೆಲಸ ಇನ್ನೂ ಬಿಗಿಯಾಗಿ ಆಗುತ್ತದೆ.

ಏಳನೆಯ ಹೆಜ್ಜೆ: ಕವರಿನ ರಂಧ್ರಗಳು

ಎಡ ಬೇರಿಂಗನ್ನು ಹಿಡಿಯುವ ಕವರಿನಲ್ಲಿ ಎಂ6 ಬೋಲ್ಟಿಗೆ 6.6 ಮಿ.ಮೀ. ವ್ಯಾಸದ ನಾಲ್ಕು ರಂಧ್ರಗಳಿವೆ, ಪ್ಲೇಟಿನಲ್ಲಿ ಅವಕ್ಕೆ ಟ್ಯಾಪ್ ಹೊಡೆದಿದೆ. ರಂಧ್ರದ ಕೇಂದ್ರಕ್ಕೆ ಅಡ್ಡ ±0.1, ಉದ್ದ ±0.1 ಎಂದು ಬರೆದರೆ ಸಿಗುವುದು 0.2 ಬದಿಯ ಒಂದು ಚೌಕ, ಅದರ ಮೂಲೆಯಿಂದ ಮೂಲೆಗೆ 0.28. ಮೂಲೆಯಲ್ಲಿ ಬಿದ್ದ ರಂಧ್ರ ಪಾಸ್, ಅಷ್ಟೇ ದೂರ ನೇರವಾಗಿ ಪಕ್ಕಕ್ಕೆ ಬಿದ್ದದ್ದು ರಿಜೆಕ್ಟ್, ಆದರೆ ಬೋಲ್ಟಿಗೆ ಎರಡೂ ಒಂದೇ. ಪೊಸಿಷನ್ ಟಾಲರೆನ್ಸ್ ಬಳಸಿ 0.28 ವ್ಯಾಸದ ವೃತ್ತವನ್ನು ಕೊಟ್ಟರೆ ಕೂಡುವ ಗುಣ ಕೆಡದೆ ಶೇ. 57ರಷ್ಟು ಹೆಚ್ಚು ಜಾಗ ಸಿಗುತ್ತದೆ.

ಎಷ್ಟು ಕೊಡಬೇಕೆಂಬುದನ್ನು ಊಹಿಸಬೇಕಿಲ್ಲ. ರಂಧ್ರ 6.6, ಬೋಲ್ಟ್ 6.0, ಉಳಿಯುವ ಸಡಿಲ 0.6. ಬೋಲ್ಟ್ ಒಂದು ಕಡೆ ಟ್ಯಾಪಿನಲ್ಲಿ ಕಚ್ಚಿಕೊಂಡಿರುವುದರಿಂದ ಈ 0.6ನ್ನು ಕವರಿಗೂ ಪ್ಲೇಟಿಗೂ ಅರ್ಧರ್ಧ ಹಂಚಿ, ಎರಡಕ್ಕೂ 0.3 ವ್ಯಾಸದ ಪೊಸಿಷನ್ ಕೊಡಿ. ಟ್ಯಾಪ್ ವಾಲಿದ್ದರೆ ಬೋಲ್ಟ್ ಮೇಲೆ ಹೋದಷ್ಟೂ ಪಕ್ಕಕ್ಕೆ ಸರಿಯುವುದರಿಂದ, ಪ್ಲೇಟಿನ ಕಡೆಗೆ ಪ್ರೊಜೆಕ್ಟೆಡ್ ಜೋನ್ ಚಿಹ್ನೆಯನ್ನೂ (ಮಿತಿಯನ್ನು ಪ್ಲೇಟಿನ ಹೊರಗೆ ಬೋಲ್ಟ್ ಚಾಚುವ ಭಾಗಕ್ಕೆ ಅನ್ವಯಿಸುವಂಥದ್ದು) ಸೇರಿಸಿ. ಕವರಿನ ಕಡೆ ವೃತ್ತದೊಳಗಿನ ಎಂ ಹಾಕಿದರೆ ರಂಧ್ರ 6.6ರ ಬದಲು 6.8 ಬಂದಾಗ 0.2 ಹೆಚ್ಚುವರಿ ಸಿಗುತ್ತದೆ. ಬೋಲ್ಟ್ ಹೋಗುವ ರಂಧ್ರಕ್ಕೆ ಇದು ನ್ಯಾಯ, ಬೇರಿಂಗ್ ಗೂಡಿಗೆ ಇದನ್ನು ಎಂದೂ ಬಳಸಬೇಡಿ.

ಎಂಟನೆಯ ಹೆಜ್ಜೆ: ಬಿಡುಗಡೆಗೆ ಮುನ್ನ

ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿದು, ಪ್ರತಿ ಅಳತೆಯ ಪಕ್ಕದಲ್ಲಿ ಅದನ್ನು ಅಳೆಯುವ ಉಪಕರಣದ ಹೆಸರು ಬರೆಯುತ್ತ ಹೋಗಿ: 16, 80, 96ಕ್ಕೆ ವರ್ನಿಯರ್, ಸೀಟುಗಳಿಗೆ ಮೈಕ್ರೋಮೀಟರ್ ಅಥವಾ ಸ್ನ್ಯಾಪ್ ಗೇಜ್, ರನ್‌ಔಟಿಗೆ ಡಯಲ್. ಹೆಸರು ಹೊಳೆಯದ ಅಳತೆ ಕಂಡರೆ ಅದನ್ನು ಬೇರೆ ರೀತಿ ಬರೆಯಬೇಕೆಂದು ಅರ್ಥ.

ಈ ಮಿತಿಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಎಂಬುದನ್ನೂ ಮರೆಯುವಂತಿಲ್ಲ. ಉಕ್ಕಿನ 25 ಮಿ.ಮೀ. ವ್ಯಾಸ ಪ್ರತಿ ಡಿಗ್ರಿಗೆ ಸುಮಾರು 0.29 ಮೈಕ್ರಾನ್ ಹಿಗ್ಗುತ್ತದೆ. ಕೋಣೆಯೂ ಮೈಕ್ರೋಮೀಟರೂ ಶಾಫ್ಟೂ ಒಂದೇ ಬಿಸಿಯಲ್ಲಿದ್ದರೆ ತೊಂದರೆಯಿಲ್ಲ, ಎಲ್ಲವೂ ಒಟ್ಟಿಗೆ ಹಿಗ್ಗಿರುತ್ತವೆ. ಆದರೆ ಗ್ರೈಂಡಿಂಗಿನಿಂದ ಆಗ ತಾನೇ ತೆಗೆದ ಶಾಫ್ಟ್ ಮೈಕ್ರೋಮೀಟರಿಗಿಂತ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 6 ಮೈಕ್ರಾನ್ ದೊಡ್ಡದಾಗಿ ತೋರಿಸುತ್ತದೆ. ಆಗ 25.006 ಎಂದು ಓದಿ ಪಾಸ್ ಮಾಡಿದ ಸೀಟು ಊಟದ ಬಿಡುವು ಮುಗಿಯುವಷ್ಟರಲ್ಲಿ 25.000 ಆಗಿ, ಕೆ6ರ ಕೆಳಮಿತಿಯನ್ನು ದಾಟಿ ಕೆಳಗಿಳಿದಿರುತ್ತದೆ. ತಣ್ಣಗಾದ ಮೇಲೆ ಅಳೆಯಬೇಕೆಂದು ಪ್ರೊಸೆಸ್ ಶೀಟಿನಲ್ಲಿ ಒಂದು ಸಾಲು ಬರೆಯಿಸಿ.

ಕೊನೆಗೆ, ಮೊದಲ ಜಾಬ್ ಬಂದು ಏನಾದರೂ ಬದಲಾಯಿಸಬೇಕಾದರೆ ಅಂಕೆಯನ್ನು ಮಾತ್ರ ತಿದ್ದಿ ಬಿಡಬೇಡಿ. ರಿವಿಷನ್ ಅಕ್ಷರ, ದಿನಾಂಕ, ಬದಲಾದದ್ದೇನು ಎಂಬುದನ್ನು ಟೈಟಲ್ ಬ್ಲಾಕಿನ ಪಟ್ಟಿಯಲ್ಲಿ ಬರೆಯಿರಿ. ಹಳೆಯ ಪ್ರತಿ ಎಣ್ಣೆ ಹತ್ತಿ, ಲೇತಿನ ಪಕ್ಕದ ಕಬ್ಬಿಣದ ಕಪಾಟಿನ ಬಾಗಿಲಿಗೆ ಮ್ಯಾಗ್ನೆಟ್ಟಿನಿಂದ ಅಂಟಿ ನೇತಾಡುತ್ತಿರುತ್ತದೆ. ಆಪರೇಟರಿಗೆ ಅದರ ಮೇಲಿನ ಅಂಕೆಗಳು ಕಂಠಪಾಠವಾಗಿರುತ್ತವೆ. ನೀವೇ ಹೋಗಿ, ಅದನ್ನು ಕಿತ್ತು ಕೈಗೆ ತೆಗೆದುಕೊಂಡು, ಅದೇ ಮ್ಯಾಗ್ನೆಟ್ಟಿನ ಕೆಳಗೆ ಹೊಸ ಹಾಳೆಯನ್ನು ಸಿಕ್ಕಿಸಿ, ಬದಲಾದ ಅಳತೆಯನ್ನು ಬೆರಳಿಟ್ಟು ತೋರಿಸಿ ಬನ್ನಿ.